‘ಜನ’ ಎಂಬ ಮಾತಿನೊಳಗೆ ಯಾರ್ಯಾರಿದ್ದಾರೆ?

ಚುನಾವಣೆ ಬಂತೆಂದರೆ ನಮ್ಮ ಕಿವಿಗೆ ಅತಿ ಹೆಚ್ಚು ಸಲ ಬೀಳುವ ಶಬ್ದ ಯಾವುದು? ಬಹುಶಃ ಅದು ‘ಜನ’ ಎಂಬ ಶಬ್ದವೇ ಇರಬೇಕು. ಜನ ಬಯಸಿದ್ದಾರೆ, ಜನ ತೀರ್ಮಾನಿಸಿದ್ದಾರೆ, ಜನ ಬುದ್ಧಿ ಕಲಿಸಲಿದ್ದಾರೆ ಎಂದು ಹೇಳದ ಅಭ್ಯರ್ಥಿಯಿಲ್ಲ. ಪ್ರಿಯ ಓದುಗರೇ, ಈ ಮಾತಿಗೆ ನೀವೂ ತಲೆದೂಗಿರಬಹುದು. ಆದರೆ ಅಭ್ಯರ್ಥಿ ಹೇಳುವ ಆ ‘ಜನ’ದೊಳಗೆ ನೀವಿದ್ದೀರಾ? ನಿಮ್ಮ ಪಕ್ಕದ ಮನೆಯವರು ಇದ್ದಾರೆಯೇ? ಮಾತು ಮುಗಿಯುವ ಹೊತ್ತಿಗೆ ಯಾರನ್ನು ಒಳಗೆ ಸೇರಿಸಲಾಯಿತು, ಯಾರನ್ನು ಹೊಸ್ತಿಲಾಚೆ ನಿಲ್ಲಿಸಲಾಯಿತು ಎಂದು ಒಮ್ಮೆಯಾದರೂ ಎಣಿಸಿ ನೋಡಿದ್ದೀರಾ?

ವಿಜಯಪುರದ ಜೋರಾಪುರ ಪೇಟೆಯಂತಹ ಹಳೆಯ ಬಡಾವಣೆಯನ್ನು ತೆಗೆದುಕೊಳ್ಳಿ. ಹಿಂದೆ ಇಲ್ಲಿಗೆ ಚುನಾವಣೆ ಬರುತ್ತಿದ್ದುದು ಜೀಪಿನ ಮೇಲೆ ಕಟ್ಟಿದ ಧ್ವನಿವರ್ಧಕದ ಮೂಲಕ. ಅಭ್ಯರ್ಥಿ ಓಣಿಯ ಮೂಲೆಯಲ್ಲಿ ನಿಂತು ಮಾತನಾಡಿದರೆ ಅದು ಎಲ್ಲ ಮನೆಗಳ ಕಿಟಕಿಗೂ ಒಂದೇ ರೀತಿ ಕೇಳಿಸುತ್ತಿತ್ತು. ಕೇಳುವವರಲ್ಲಿ ಹಿಂದೂಗಳಿದ್ದರು, ಮುಸ್ಲಿಮರಿದ್ದರು, ಅಂಗಡಿಯವರಿದ್ದರು, ಕೂಲಿಕಾರರಿದ್ದರು. ಒಬ್ಬರನ್ನು ಮೆಚ್ಚಿಸಲು ಇನ್ನೊಬ್ಬರನ್ನು ಹಳಿಯಬೇಕೆಂದರೆ ಆ ಇನ್ನೊಬ್ಬರ ಎದುರಿಗೇ ಹಳಿಯಬೇಕಿತ್ತು. ಆ ಕಾಲದಲ್ಲಿ ಕೆಟ್ಟ ಮಾತೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಆದರೆ ಎದುರಿಗಿರುವ ಮುಖವು ನಾಲಗೆಗೆ ಒಂದಿಷ್ಟು ಲಗಾಮು ಹಾಕುತ್ತಿತ್ತು.

ಇಂದು ಅದೇ ಓಣಿಯ ಅಕ್ಕಪಕ್ಕದ ಎರಡು ಮನೆಗಳಿಗೆ ಎರಡು ಬೇರೆ ಬೇರೆ ಚುನಾವಣೆಗಳು ಬರುತ್ತವೆ. ಒಂದು ಮನೆಯ ಮೊಬೈಲಿಗೆ ‘ಅವರು ನಿಮ್ಮ ಹೊಲ ಕಸಿಯಲು ಬರುತ್ತಿದ್ದಾರೆ’ ಎಂಬ ವೀಡಿಯೊ, ಇನ್ನೊಂದು ಮನೆಯ ಮೊಬೈಲಿಗೆ ‘ಅವರು ನಿಮ್ಮನ್ನು ಮುಗಿಸಿಬಿಡುತ್ತಾರೆ, ನಾವೊಬ್ಬರೇ ನಿಮಗೆ ಆಸರೆ’ ಎಂಬ ವೀಡಿಯೊ. ನಡುವೆ ಇರುವುದು ಒಂದೇ ಗೋಡೆ. ಆದರೆ ಆಚೆಯವರು ಏನನ್ನು ಕೇಳುತ್ತಿದ್ದಾರೆಂದು ಈಚೆಯವರಿಗೆ ಗೊತ್ತಾಗುವುದಿಲ್ಲ. ಯಾರ ವಿಷಯದಲ್ಲಿ ಮಾತು ನಡೆದಿದೆಯೋ ಅವರೇ ಅಲ್ಲಿ ಹಾಜರಿರುವುದಿಲ್ಲ.

ಒಬ್ಬ ವ್ಯಕ್ತಿಯ ಬೆನ್ನ ಹಿಂದೆ ಅವನಿಗೆ ಇಷ್ಟವಾಗದ್ದನ್ನು ಹೇಳುವುದಕ್ಕೆ ನಾವು ಗೀಬತ್ ಎನ್ನುತ್ತೇವೆ. ಹೇಳಿದ್ದು ನಿಜವಾಗಿದ್ದರೂ ಅದು ಗೀಬತ್, ಸುಳ್ಳಾಗಿದ್ದರೆ ಅದಕ್ಕಿಂತ ಘೋರವಾದ ಬುಹ್ತಾನ್ ಎಂಬುದನ್ನು ಮದರಸಾದಲ್ಲಿ ಓದುವ ಮಗುವೂ ಬಲ್ಲದು. ಇಲ್ಲೊಂದು ಪ್ರಶ್ನೆ ಏಳುತ್ತದೆ. ಒಬ್ಬನ ಬಗ್ಗೆ ಆಡಿದಾಗ ಪಾಪವಾಗುವ ಮಾತು, ಒಂದು ಇಡೀ ಸಮುದಾಯದ ಬಗ್ಗೆ ಆಡಿದಾಗ ರಾಜಕೀಯವಾಗಿ ಬಿಡುತ್ತದೆಯೇ? ಸಾವಿರಾರು ಜನರ ಬೆನ್ನ ಹಿಂದೆ ಸಾವಿರಾರು ಮೊಬೈಲುಗಳಲ್ಲಿ ನಡೆಯುವ ನಿಂದೆಯ ಭಾರವು ಒಬ್ಬನ ನಿಂದೆಗಿಂತ ಕಡಿಮೆಯಾಗುತ್ತದೆಯೇ?

ಜನರ ಭಾಷೆ, ಜನಮರುಳಿನ ಭಾಷೆ

ಜನರಿಗೆ ತಿಳಿಯುವಂತೆ ಮಾತನಾಡುವುದು ತಪ್ಪಲ್ಲ. ಅಭ್ಯರ್ಥಿ ‘ನಾನು ನಿಮ್ಮ ಮನೆಮಗ’ ಎಂದು ಕೈಮುಗಿದರೆ ಅದರಲ್ಲಿ ಕೆಡುಕಿಲ್ಲ. 2023ರ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ಸಿದ್ದರಾಮಯ್ಯನವರು ಗ್ಯಾರಂಟಿ ಯೋಜನೆಗಳನ್ನು ವಿವರಿಸುತ್ತ ‘ನಿಂಗೂ ಫ್ರೀ, ನಂಗೂ ಫ್ರೀ’ ಎಂದದ್ದು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಮಕ್ಕಳೂ ಅದನ್ನು ಅನುಕರಿಸಿ ನಕ್ಕರು. ಆ ‘ಫ್ರೀ’ಯ ಹಣ ಎಲ್ಲಿಂದ ಬರುತ್ತದೆ, ರಾಜ್ಯದ ಬೊಕ್ಕಸ ಅದನ್ನು ತಾಳುತ್ತದೆಯೇ ಎಂದು ಯಾರು ಬೇಕಾದರೂ ಕೇಳಬಹುದು, ಕೇಳಲೂಬೇಕು. ಹಾಗೆ ಕೇಳಲು ಅವಕಾಶವಿರುವುದೇ ಆ ಮಾತಿನ ಗುಣ. 200 ಯೂನಿಟ್ ವಿದ್ಯುತ್ತು, ತಿಂಗಳಿಗೆ 2,000 ರೂಪಾಯಿ ಎಂದರೆ ಲೆಕ್ಕ ಹಾಕಬಹುದು; ಕೊಟ್ಟರೇ ಇಲ್ಲವೇ ಎಂದು ನೋಡಬಹುದು.

ಜನಮರುಳಿನ ಭಾಷೆ ಬೇರೆ. ಅದರಲ್ಲಿ ಸಾಮಾನ್ಯವಾಗಿ ಮೂರು ಸಂಗತಿಗಳಿರುತ್ತವೆ. ಮೊದಲನೆಯದು, ನಿಜವಾದ ಜನ ಎಂಬ ಒಂದು ಗುಂಪು. ಅವರು ಮುಗ್ಧರು, ಮೋಸಹೋದವರು. ಎರಡನೆಯದು, ಆ ಜನರ ಪಾಲನ್ನು ಕಬಳಿಸುವ ‘ಅವರು’. ಮೂರನೆಯದು, ಇಬ್ಬರ ನಡುವೆ ನಿಂತು ಕಾಪಾಡಬಲ್ಲ ಒಬ್ಬನೇ ಒಬ್ಬ ನಾಯಕ. ಈ ಭಾಷೆಯಲ್ಲಿ ನಾಯಕನನ್ನು ಪ್ರಶ್ನಿಸಿದವನು ಪ್ರಶ್ನೆ ಕೇಳಿದವನಾಗಿ ಉಳಿಯುವುದಿಲ್ಲ; ಆ ಕ್ಷಣವೇ ‘ಅವರ’ ಕಡೆಯವನಾಗುತ್ತಾನೆ. ಹೀಗೆ ‘ಜನ’ ಎಂಬ ವಿಶಾಲವಾದ ಮಾತು ಕುಗ್ಗುತ್ತ ಕುಗ್ಗುತ್ತ ‘ನನಗೆ ಓಟು ಹಾಕುವವರು’ ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಇದು ಎಲ್ಲಿಗೆ ಮುಟ್ಟುತ್ತದೆಂಬುದನ್ನು ನಮ್ಮ ನಗರವೇ ಕಂಡಿದೆ. 2018ರ ಜೂನ್‌ನಲ್ಲಿ, ಗೆದ್ದು ಕೆಲವೇ ವಾರಗಳಾಗಿದ್ದಾಗ, ನಗರದ ಶಾಸಕ ಬಸನಗೌಡ ಪಾಟೀಲ ಯತ್ನಾಳರು ಸಭೆಯೊಂದರಲ್ಲಿ, ತನಗೆ ಮತ ನೀಡಿದ ಹಿಂದೂಗಳ ಕೆಲಸ ಮಾಡಬೇಕು, ಮುಸ್ಲಿಮರ ಕೆಲಸ ಬೇಡ ಎಂದು ಪಾಲಿಕೆಯ ಸದಸ್ಯರಿಗೆ ಹೇಳಿರುವುದಾಗಿ ಆಡಿದ ಮಾತು ದೇಶದಾದ್ಯಂತ ಸುದ್ದಿಯಾಯಿತು. ಅದರ ವೀಡಿಯೊ ಜಾಲತಾಣಗಳಲ್ಲಿ ಹರಿದಾಡಿತು. ಕೆಲವರು ಅದನ್ನು ಹೆಮ್ಮೆಯಿಂದ ಹಂಚಿದರು, ಕೆಲವರು ನೋವಿನಿಂದ ಹಂಚಿದರು. ಆದರೆ ಆ ಮಾತಿನ ತರ್ಕವನ್ನು ನೋಡಿ. ಓಟು ಹಾಕಿದವರೇ ಜನವಾದರೆ, ಹಾಕದವರ ಮನೆಯ ಮುಂದಿನ ಚರಂಡಿ ಯಾರದು? ಒಂದೇ ಓಣಿಯಲ್ಲಿ ಹರಿಯುವ ಕೊಳಚೆ ನೀರು ಮನೆಯವರ ಧರ್ಮವನ್ನು ಕೇಳಿಕೊಂಡು ನಿಲ್ಲುತ್ತದೆಯೇ? ಡೆಂಗಿ ಸೊಳ್ಳೆಯು ಮತದಾರರ ಪಟ್ಟಿಯನ್ನು ನೋಡಿ ಕಚ್ಚುತ್ತದೆಯೇ?

ಕೃತ್ಯವನ್ನು ದೂರುವುದು, ಕುಲವನ್ನು ದೂರುವುದು

ಹಾಗಾದರೆ ಚುನಾವಣೆಯಲ್ಲಿ ಕಟುವಾದ ಮಾತೇ ಬೇಡವೇ? ಹಾಗಲ್ಲ. ಅನ್ಯಾಯಕ್ಕೊಳಗಾದವನಿಗೆ ಅದನ್ನು ಗಟ್ಟಿಯಾಗಿ ಹೇಳುವ ಹಕ್ಕಿದೆ. ಪವಿತ್ರ ಕುರ್‌ಆನ್ ಆ ಹಕ್ಕನ್ನು ಮಾನ್ಯ ಮಾಡಿದೆ. ಆದರೆ ಬೆರಳು ಯಾವುದರ ಕಡೆಗೆ ತೋರಿಸುತ್ತಿದೆ ಎಂಬುದೇ ಇಲ್ಲಿಯ ಪ್ರಶ್ನೆ. ಎರಡು ಉದಾಹರಣೆಗಳನ್ನು ಹೋಲಿಸಿ ನೋಡೋಣ.

2021ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘವು, ಕಾಮಗಾರಿಗಳಲ್ಲಿ ಶೇ. 40ರಷ್ಟು ಕಮಿಷನ್ ಕೊಡಬೇಕಾಗಿದೆ ಎಂದು ಪ್ರಧಾನಮಂತ್ರಿಗಳಿಗೆ ಪತ್ರ ಬರೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ಪಕ್ಷವು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಮುಖವನ್ನು ಮೊಬೈಲ್ ಪಾವತಿಯ ಚೌಕದ ನಡುವೆ ಮುದ್ರಿಸಿ ‘ಪೇಸಿಎಂ’ ಎಂಬ ಪೋಸ್ಟರುಗಳನ್ನು ಬೆಂಗಳೂರಿನ ಗೋಡೆಗಳಿಗೆ ಅಂಟಿಸಿತು. ಗೋಡೆಯಿಂದ ಅವು ಜಾಲತಾಣಗಳಿಗೆ ಹೋದವು. ಅದು ಲೇವಡಿಯ ಭಾಷೆ. ಸಭ್ಯವಾಗಿತ್ತು ಎನ್ನಲಾಗದು. ಆದರೂ ಅದು ದೂರಿದ್ದು ಒಂದು ಕೃತ್ಯವನ್ನು. ಆರೋಪ ಹೊತ್ತವರು ಸಾಕ್ಷ್ಯ ಕೇಳಬಹುದಿತ್ತು, ಕೇಳಿದರು. ಅಂಥದೇ ಭ್ರಷ್ಟಾಚಾರದ ಜಾಹೀರಾತುಗಳ ಮೇಲೆ ಮಾನನಷ್ಟ ಮೊಕದ್ದಮೆ ದಾಖಲಾಗಿ, ಕಾಂಗ್ರೆಸ್ ನಾಯಕರು ನ್ಯಾಯಾಲಯದ ಮೆಟ್ಟಿಲೇರಿ ಜಾಮೀನು ಪಡೆಯಬೇಕಾಯಿತು. ಆರೋಪದ ತನಿಖೆಗೆ ನೇಮಕಗೊಂಡ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರಲ್ಲಿ ವರದಿ ಸಲ್ಲಿಸಿತು. ಅಂದರೆ, ಕೃತ್ಯವನ್ನು ದೂರಿದಾಗ ಅದನ್ನು ಒರೆಗೆ ಹಚ್ಚಲು ದಾರಿಯಿರುತ್ತದೆ.

ಇನ್ನೊಂದನ್ನು ನೋಡಿ. 2024ರ ಮೇ 4ರಂದು ಕರ್ನಾಟಕ ಬಿಜೆಪಿಯ ಎಕ್ಸ್ ಖಾತೆಯಲ್ಲಿ ಒಂದು ಕಾರ್ಟೂನ್ ವೀಡಿಯೊ ಬಂತು. ಒಂದು ಗೂಡಿನಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ ಎಂದು ಬರೆದ ಮೊಟ್ಟೆಗಳಿವೆ. ಕಾಂಗ್ರೆಸ್ ನಾಯಕರು ಅದರಲ್ಲಿ ‘ಮುಸ್ಲಿಂ’ ಎಂಬ ಇನ್ನೊಂದು ಮೊಟ್ಟೆಯನ್ನು ಇಡುತ್ತಾರೆ. ಮೊಟ್ಟೆ ಒಡೆದು ಬಂದ ಟೋಪಿ ಧರಿಸಿದ ಮರಿಗೆ ಮಾತ್ರ ಅನುದಾನದ ತುತ್ತು ಸಿಗುತ್ತದೆ. ಅದು ಕೊಬ್ಬಿ ಬೆಳೆದು ಉಳಿದ ಮರಿಗಳನ್ನು ಗೂಡಿನಿಂದ ಹೊರಗೆ ಒದೆಯುತ್ತದೆ.

ಮೀಸಲಾತಿ ಚರ್ಚಿಸಬಾರದ ವಿಷಯವೇನಲ್ಲ. ಕರ್ನಾಟಕದಲ್ಲಿ ಮುಸ್ಲಿಮರಿಗೆ 2ಬಿ ಪ್ರವರ್ಗದಲ್ಲಿ ಶೇ. 4ರ ಮೀಸಲಾತಿ 1995ರಲ್ಲಿ ಬಂತು. 2023ರ ಮಾರ್ಚ್‌ನಲ್ಲಿ ಅಂದಿನ ಸರಕಾರ ಅದನ್ನು ತೆಗೆಯಲು ಹೊರಟಾಗ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಯಾರು ಹಿಂದುಳಿದಿದ್ದಾರೆ, ಯಾವ ಅಂಕಿಅಂಶ ಅದನ್ನು ತೋರಿಸುತ್ತದೆ, ಯಾರ ಪಾಲು ಎಷ್ಟು ಎಂದು ಎದುರುಬದುರು ಕುಳಿತು ವಾದಿಸಬಹುದು. ಆ ವಾದದಲ್ಲಿ ನಮ್ಮ ವಿರುದ್ಧ ಮಾತನಾಡುವವನೂ ನಮ್ಮ ಶತ್ರುವಾಗಬೇಕಿಲ್ಲ. ಆದರೆ ಒಂದು ಸಮುದಾಯವನ್ನು ಗೂಡು ಕಬಳಿಸುವ ಹಕ್ಕಿಯಾಗಿ ಚಿತ್ರಿಸಿದ ಮೇಲೆ ಯಾವ ಅಂಕಿಅಂಶ ಕೊಟ್ಟು ಉತ್ತರಿಸುತ್ತೀರಿ? ಇಲ್ಲಿ ಆರೋಪ ಇರುವುದು ಕೃತ್ಯದ ಮೇಲಲ್ಲ, ಹುಟ್ಟಿನ ಮೇಲೆ. ಮೊಟ್ಟೆಯೊಳಗಿರುವಾಗಲೇ ತಪ್ಪಿತಸ್ಥನಾದವನಿಗೆ ಯಾವ ನ್ಯಾಯಾಲಯದಲ್ಲಿ ಬಿಡುಗಡೆಯಿದೆ?

ಆ ವೀಡಿಯೊದ ಮೇಲೆ ಬೆಂಗಳೂರಿನಲ್ಲಿ ಪ್ರಕರಣ ದಾಖಲಾಯಿತು. ಮೇ 5ರಂದು ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಕಡೆಯಿಂದ ಅದನ್ನು ತೆಗೆಯುವಂತೆ ಸೂಚನೆ ಹೋಯಿತು. ತೆಗೆಯದಿದ್ದಾಗ ಮೇ 7ರಂದು ಚುನಾವಣಾ ಆಯೋಗವೇ ಎಕ್ಸ್ ಸಂಸ್ಥೆಗೆ ಪತ್ರ ಬರೆಯಿತು. ಆ ಮೇ 7 ಯಾವ ದಿನ ಗೊತ್ತೇ? ನಮ್ಮ ಬಿಜಾಪುರ ಲೋಕಸಭಾ ಕ್ಷೇತ್ರವೂ ಸೇರಿ ರಾಜ್ಯದ 14 ಕ್ಷೇತ್ರಗಳು ಮತ ಹಾಕಿದ ದಿನ. ಕಾನೂನು ಬಂತು, ಆದರೆ ಅದು ಬರುವ ಹೊತ್ತಿಗೆ ಮತದಾರರು ಸಾಲಿನಲ್ಲಿ ನಿಂತಾಗಿತ್ತು.

ಹೊನವಾಡದ ರೈತ ಮತ್ತು ನಾವು

ಈಗ ನಮ್ಮ ಜಿಲ್ಲೆಯ, ಟಿಕೋಟಾ ತಾಲ್ಲೂಕಿನ ಹೊನವಾಡಕ್ಕೆ ಬರೋಣ. ಇಲ್ಲಿ ವಿಷಯ ಅಷ್ಟು ಸರಳವಲ್ಲ. ಆದುದರಿಂದಲೇ ನಾವು ಹೆಚ್ಚು ಗಮನವಿಟ್ಟು ಯೋಚಿಸಬೇಕಾಗಿದೆ.

2024ರ ಅಕ್ಟೋಬರ್‌ನಲ್ಲಿ ಹೊನವಾಡದ ರೈತರು, ತಮ್ಮ ಊರಿನ ಸಾವಿರಕ್ಕೂ ಹೆಚ್ಚು ಎಕರೆ ಜಮೀನು ವಕ್ಫ್ ಆಸ್ತಿಯಾಗಿ ಬಿಡುತ್ತದೆಂದು ಆತಂಕಗೊಂಡು ಹೊರಬಂದರು. ಜಿಲ್ಲಾ ಉಸ್ತುವಾರಿ ಸಚಿವರೂ ಬಬಲೇಶ್ವರದ ಶಾಸಕರೂ ಆದ ಎಂ.ಬಿ. ಪಾಟೀಲರು ಆಗ ವಿವರಣೆ ಕೊಟ್ಟರು. ಅವರು ಹೇಳಿದ ಪ್ರಕಾರ, 1974ರ ಗೆಜೆಟ್ ಅಧಿಸೂಚನೆಯಲ್ಲಿ ವಿಜಯಪುರದ ಮಹಾಲ ಬಾಗಾಯತ್‌ನ ಮುಂದೆ ಹೊನವಾಡದ ಹೆಸರು ತಪ್ಪಾಗಿ ಸೇರಿಕೊಂಡಿತ್ತು. 1977ರಲ್ಲಿ ಅದನ್ನು ತಿದ್ದಲಾಗಿತ್ತು. ಹೊನವಾಡದಲ್ಲಿ ವಕ್ಫ್‌ಗೆ ಸೇರಿದ್ದು ಖಬರಸ್ತಾನ, ಈದ್ಗಾ, ಮಸೀದಿಗಳ ಸುಮಾರು 11 ಎಕರೆ ಮಾತ್ರ. ಅದೇ ಹೊತ್ತಿನಲ್ಲಿ ಇಂಡಿ ತಾಲ್ಲೂಕಿನ ಕೆಲವು ಪಹಣಿಗಳಲ್ಲಿ ರೈತರಿಗೆ ಮೊದಲೇ ತಿಳಿಸದೆ ವಕ್ಫ್ ಹೆಸರು ಸೇರಿಸಿದ್ದೂ ಹೊರಬಿತ್ತು. ನವೆಂಬರ್ ಆರಂಭದಲ್ಲಿ ಮುಖ್ಯಮಂತ್ರಿಗಳು ರೈತರಿಗೆ ಕೊಟ್ಟ ನೋಟಿಸುಗಳನ್ನು ಹಿಂಪಡೆಯಲು ಆದೇಶಿಸಿದರು.

ರೈತನ ಭಯವು ಹುಸಿಯಾಗಿರಲಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ಬಿಸಿಲಿಗೆ ಮೈಯೊಡ್ಡಿ, ಸಾಲ ಮಾಡಿ, ಬೋರು ಕೊರೆಸಿ ದ್ರಾಕ್ಷಿ ಬೆಳೆಯುವ ಟಿಕೋಟಾದ ರೈತನಿಗೆ ಉತಾರ ಎಂದರೆ ಬರಿಯ ಕಾಗದವಲ್ಲ. ಅದರಲ್ಲಿ ಇನ್ನೊಬ್ಬರ ಹೆಸರು ಕಂಡರೆ ಅವನ ಎದೆ ಝಲ್ಲೆನ್ನುತ್ತದೆ. ಆ ರೈತ ಹಿಂದೂ ಆಗಿರಲಿ, ಮುಸ್ಲಿಮನಾಗಿರಲಿ, ಅವನ ಜಮೀನಿನ ಮೇಲೆ ಆಧಾರವಿಲ್ಲದ ದಾವೆ ಬಂದರೆ ಅದು ಅನ್ಯಾಯ. ಅಲ್ಲಾಹನ ಹೆಸರಿನಲ್ಲಿ ಮುಡಿಪಾದ ಆಸ್ತಿಯನ್ನು ಕಾಪಾಡುವುದು ನಮ್ಮ ಕರ್ತವ್ಯವಾದಂತೆ, ಮುಡಿಪಾಗದ ಆಸ್ತಿಯನ್ನು ಅವನ ಹೆಸರಿನಲ್ಲಿ ಕೇಳದಿರುವುದೂ ನಮ್ಮ ಕರ್ತವ್ಯ.

ಆದರೆ ಜಾಲತಾಣಗಳಲ್ಲಿ ನಡೆದದ್ದೇನು? ನವೆಂಬರ್ 13ಕ್ಕೆ ಶಿಗ್ಗಾವಿ, ಸಂಡೂರು, ಚನ್ನಪಟ್ಟಣಗಳಲ್ಲಿ ಉಪಚುನಾವಣೆಗಳಿದ್ದವು. ಕಂದಾಯ ದಾಖಲೆಯ ಗೊಂದಲವು ನೋಡನೋಡುತ್ತಿದ್ದಂತೆ ‘ಅವರು ನಮ್ಮ ನೆಲ ಕಸಿಯುತ್ತಿದ್ದಾರೆ’ ಎಂಬ ಘೋಷಣೆಯಾಯಿತು. ಗೆಜೆಟ್ಟು, ಸರ್ವೆ ನಂಬರು, ತಹಶೀಲ್ದಾರರ ಕಚೇರಿ ಎಲ್ಲವೂ ಹಿಂದೆ ಸರಿದು, ಓಣಿಯ ಮುಸ್ಲಿಂ ನೆರೆಯವನು ಮುಂದೆ ಬಂದು ನಿಂತ. ಗುಮಾಸ್ತನೊಬ್ಬನ ಲೇಖನಿಯ ತಪ್ಪಿಗೆ ಅವನು ಉತ್ತರ ಕೊಡಬೇಕಾಯಿತು. ನವೆಂಬರ್ 7ರಂದು ಸಂಸದ ತೇಜಸ್ವಿ ಸೂರ್ಯ ಅವರು, ಹಾವೇರಿ ಜಿಲ್ಲೆಯ ರೈತನೊಬ್ಬ ವಕ್ಫ್ ಕಾರಣದಿಂದ ಆತ್ಮಹತ್ಯೆ ಮಾಡಿಕೊಂಡನೆಂಬ ಸುದ್ದಿಯನ್ನು ಎಕ್ಸ್‌ನಲ್ಲಿ ಹಂಚಿಕೊಂಡರು. ಆ ಸಾವು 2022ರ ಜನವರಿಯಲ್ಲಿ ನಡೆದದ್ದು, ಕಾರಣ ಸಾಲ ಮತ್ತು ಬೆಳೆನಷ್ಟ ಎಂದು ಹಾವೇರಿಯ ಪೊಲೀಸ್ ವರಿಷ್ಠಾಧಿಕಾರಿ ಸ್ಪಷ್ಟಪಡಿಸಿದರು. ಅವರು ಪೋಸ್ಟನ್ನು ಅಳಿಸಿದರು. ಅವರ ಮೇಲೆ ದಾಖಲಾದ ಪ್ರಕರಣವನ್ನು ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ರಾಜ್ಯದ ಮೇಲ್ಮನವಿಯನ್ನು ತಳ್ಳಿಹಾಕಿತು. ಕಾನೂನಿನ ದೃಷ್ಟಿಯಿಂದ ವಿಷಯ ಅಲ್ಲಿಗೆ ಮುಗಿಯಿತು. ಆದರೆ ಮೊದಲ ಸುದ್ದಿಯನ್ನು ನೋಡಿದವರಲ್ಲಿ ಎಷ್ಟು ಮಂದಿಗೆ ವರಿಷ್ಠಾಧಿಕಾರಿಯ ಸ್ಪಷ್ಟೀಕರಣ ತಲುಪಿರಬಹುದು? ನೈತಿಕ ಪ್ರಶ್ನೆಯು ಮೊಕದ್ದಮೆಯ ಜೊತೆಗೆ ರದ್ದಾಗುವುದಿಲ್ಲ.

ಇಲ್ಲಿ ನಮ್ಮ ಪಾಲಿನ ಪ್ರಶ್ನೆಯೂ ಇದೆ. ಆ ದಿನಗಳಲ್ಲಿ ನಾವು ಏನು ಮಾಡಿದೆವು? ಘೋಷಣೆಯಿಂದ ಗಾಯಗೊಂಡ ನಾವು ರೈತನ ಭಯವನ್ನೂ ಘೋಷಣೆಯ ಜೊತೆಗೇ ತಳ್ಳಿಹಾಕಲಿಲ್ಲವೇ? ‘ಅವರೆಲ್ಲ ಒಂದು ಪಕ್ಷದ ಏಜೆಂಟರು’ ಎಂಬ ಮಾತು ನಮ್ಮ ಗುಂಪುಗಳಲ್ಲಿ ಓಡಾಡಲಿಲ್ಲವೇ? ಜನಮರುಳಿನ ಭಾಷೆಗೆ ಬಲ ಬರುವುದೇ ಹೀಗೆ. ಅದು ಯಾವಾಗಲೂ ಒಂದು ನಿಜವಾದ ನೋವಿನ ಬೆನ್ನೇರಿ ಬರುತ್ತದೆ. ಸುಳ್ಳನ್ನು ಕೆಳಗಿಳಿಸುವ ಅವಸರದಲ್ಲಿ ನಾವು ನೋವನ್ನೇ ಹೊಡೆದರೆ, ಆ ನೋವು ಇನ್ನಷ್ಟು ಗಟ್ಟಿಯಾಗಿ ಆ ಸವಾರನನ್ನೇ ಅಪ್ಪಿಕೊಳ್ಳುತ್ತದೆ. ಹೊನವಾಡದ ರೈತನಿಗೆ ‘ನಿನ್ನ ಉತಾರ ಸರಿಯಾಗುವ ತನಕ ನಿನ್ನ ಜೊತೆ ತಹಶೀಲ್ದಾರರ ಕಚೇರಿಗೆ ನಾವೂ ಬರುತ್ತೇವೆ’ ಎಂದು ನೆರೆಯ ಮುಸ್ಲಿಮನು ಹೇಳಿದರೆ, ಯಾವ ವೀಡಿಯೊಗೂ ಅವರಿಬ್ಬರ ನಡುವೆ ಜಾಗ ಸಿಗುವುದಿಲ್ಲ.

ನಮ್ಮವರು ಆಡಿದಾಗ

ಈ ಭಾಷೆ ‘ಅವರ’ ಬಳಿ ಮಾತ್ರ ಇದೆ ಎಂದುಕೊಂಡರೆ ಅದೂ ಅದೇ ಭಾಷೆಯ ಒಂದು ವಾಕ್ಯವಾಗುತ್ತದೆ. ಅದೇ ಉಪಚುನಾವಣೆಗಳಲ್ಲಿ, ಚನ್ನಪಟ್ಟಣದ ಪ್ರಚಾರದಲ್ಲಿ ವಕ್ಫ್ ಸಚಿವ ಜಮೀರ್ ಅಹ್ಮದ್ ಖಾನರು ಕೇಂದ್ರ ಸಚಿವ ಎಚ್.ಡಿ. ಕುಮಾರಸ್ವಾಮಿಯವರನ್ನು ‘ಕಾಲಿಯಾ’ ಎಂದು ಕರೆದರು. ವೀಡಿಯೊ ಹರಡಿತು. ಪ್ರೀತಿಯಿಂದ ಹಾಗೆ ಕರೆಯುತ್ತಿದ್ದೆ ಎಂದು ಹೇಳಿ, ನೋವಾಗಿದ್ದರೆ ಕ್ಷಮಿಸಿ ಎಂದರು. ಆ ವೀಡಿಯೊ ನೋಡಿ ನಮ್ಮಲ್ಲಿ ನಕ್ಕವರಿಲ್ಲವೇ? ಮೈಬಣ್ಣವನ್ನು ಹಿಡಿದು ಒಬ್ಬರನ್ನು ಕರೆಯುವುದು ಹಾಸ್ಯವಾದರೆ, ಟೋಪಿಯನ್ನು ಹಿಡಿದು ನಮ್ಮನ್ನು ಚಿತ್ರಿಸಿದ್ದು ಏಕೆ ಹಾಸ್ಯವಾಗಬಾರದು? ಸಹಾಬಿಗಳಾದ ಅಬೂದರ್ರ್(ರ) ಅವರಂತಹ ಮಹನೀಯರು ಒಬ್ಬರನ್ನು ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ನಿಮ್ಮಲ್ಲಿನ್ನೂ ಅಜ್ಞಾನ ಕಾಲದ ಅಂಶ ಉಳಿದಿದೆಯೆಂದು ಪ್ರವಾದಿ(ಸ) ಎಚ್ಚರಿಸಿದ್ದನ್ನು ನಾವು ಭಾಷಣಗಳಲ್ಲಿ ಕೇಳುತ್ತೇವೆ. ಅದು ಅಬೂದರ್ರ್‌ರಿಗೆ ಮಾತ್ರ ಹೇಳಿದ ಮಾತೇ?

ನಮ್ಮ ಕಿವಿಗೆಂದೇ ತಯಾರಾಗುವ ಇನ್ನೊಂದು ಬಗೆಯ ಪ್ರಚಾರವಿದೆ. ಅದರಲ್ಲಿ ಶಾಲೆಯಿಲ್ಲ, ಆಸ್ಪತ್ರೆಯಿಲ್ಲ, ಯುವಕರಿಗೆ ಉದ್ಯೋಗದ ಮಾತಿಲ್ಲ; ಇರುವುದು ಒಂದೇ ಭಯ. ನಮಗೆ ಓಟು ಹಾಕದಿದ್ದರೆ ನಿಮ್ಮ ಗತಿಯೇನು ಎಂಬ ಬೆದರಿಕೆಯನ್ನು ರಕ್ಷಣೆಯ ಬಟ್ಟೆಯಲ್ಲಿ ಸುತ್ತಿ ಕೊಡಲಾಗುತ್ತದೆ. ಭಯಪಡಲು ಕಾರಣಗಳಿರುವುದು ನಿಜ. ಆದರೆ ಭಯವನ್ನು ಮಾತ್ರ ಕೇಳಿ ಓಟು ಹಾಕಿದವನಿಗೆ ಐದು ವರ್ಷಗಳ ನಂತರ ಲೆಕ್ಕ ಕೇಳುವ ಬಾಯಿ ಇರುವುದಿಲ್ಲ. ‘ನೀವಿನ್ನೂ ಬದುಕಿದ್ದೀರಲ್ಲ’ ಎಂಬುದೇ ಅವನಿಗೆ ಸಿಗುವ ಉತ್ತರ.

ತನ್ನ ಜನರನ್ನು ಪ್ರೀತಿಸುವುದು ಪಕ್ಷಪಾತವೇ ಎಂದು ಪ್ರವಾದಿ(ಸ)ರನ್ನು ಕೇಳಲಾಗಿತ್ತು. ಪ್ರೀತಿಸುವುದು ಅಲ್ಲ, ಅನ್ಯಾಯದಲ್ಲಿ ತನ್ನವರಿಗೆ ನೆರವಾಗುವುದೇ ಅಸಬಿಯ್ಯತ್ ಎಂಬ ಅರ್ಥದ ಉತ್ತರ ಬಂತು. ಈ ಚಿಕ್ಕ ಉತ್ತರದಲ್ಲಿ ನಮ್ಮ ಪ್ರಶ್ನೆಗೆ ಬೇಕಾದ ಗೆರೆ ಎಳೆಯಲಾಗಿದೆ. ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಕಾಲೇಜು ಬೇಕು, ನಮ್ಮ ಬಡವರಿಗೆ ಮನೆ ಬೇಕು ಎನ್ನುವುದು ನಮ್ಮವರ ಮೇಲಿನ ಪ್ರೀತಿ. ನಮ್ಮವನೆಂಬ ಕಾರಣಕ್ಕೆ ಅವನ ಸುಳ್ಳನ್ನು ಹಂಚುವುದು ಅಸಬಿಯ್ಯತ್. ಒಂದು ಜನಾಂಗದ ಮೇಲಿನ ಸಿಟ್ಟು ನಿಮ್ಮನ್ನು ನ್ಯಾಯದಿಂದ ದೂರ ಒಯ್ಯದಿರಲಿ, ಸಾಕ್ಷ್ಯ ನಿಮ್ಮ ವಿರುದ್ಧವೇ ಬಂದರೂ ನ್ಯಾಯವಾಗಿ ನುಡಿಯಿರಿ ಎಂಬ ಕುರ್‌ಆನಿನ ಆದೇಶವು ನಮ್ಮನ್ನು ನೋಯಿಸಿದವರ ವಿಷಯದಲ್ಲೇ ಮೊದಲು ಪರೀಕ್ಷೆಗೆ ಬರುತ್ತದೆ.

ಹಂಚಿದವನ ಹೊಣೆ

‘ನಾನೇನೂ ಹೇಳಲಿಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೆ’ ಎಂಬ ಸಮಾಧಾನವು ಈಗ ಪ್ರತಿ ಮನೆಯಲ್ಲೂ ಇದೆ. ಇದನ್ನು ಸ್ವಲ್ಪ ಪರೀಕ್ಷಿಸೋಣ.

ನಮ್ಮ ಗೋಲ ಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ನೀವು ಹತ್ತಿರಬಹುದು. ಒಬ್ಬನು ಮೆಲ್ಲಗೆ ಆಡಿದ ಮಾತು ಏಳು ಸಲ ಮರುದನಿಸುತ್ತದೆಂದು ಗೈಡುಗಳು ಹೇಳುತ್ತಾರೆ. ಕೇಳುವವನಿಗೆ ಅದು ಸೋಜಿಗ. ಆದರೆ ಏಳು ದನಿ ಕೇಳಿಸಿದರೂ ಆಡಿದವನು ಒಬ್ಬನೇ ಎಂಬುದು ಅವನಿಗೆ ಗೊತ್ತಿರುತ್ತದೆ. ಮೊಬೈಲಿನಲ್ಲಿ ಈ ಅರಿವು ಉಳಿಯುವುದಿಲ್ಲ. ಒಬ್ಬನೇ ಬರೆದ ಸಾಲು ಮಾವನಿಂದ, ಸ್ನೇಹಿತನಿಂದ, ಮಸೀದಿಯ ಗುಂಪಿನಿಂದ, ಮಗಳ ಶಾಲೆಯ ಗುಂಪಿನಿಂದ ಬಂದಾಗ ನಾವು ‘ಎಲ್ಲರೂ ಹೇಳುತ್ತಿದ್ದಾರೆ’ ಎನ್ನುತ್ತೇವೆ. ನಂಬಿಕೆ ಹುಟ್ಟುವುದು ಬರೆದವನಿಂದಲ್ಲ, ಕಳಿಸಿದವನ ಮುಖದಿಂದ. ಅಂದರೆ ಅಭ್ಯರ್ಥಿಯು ನಮ್ಮಿಂದ ಓಟಿಗಿಂತ ಮೊದಲು ಇನ್ನೊಂದನ್ನು ಪಡೆಯುತ್ತಾನೆ: ನಮ್ಮ ಮಾತಿಗೆ ನಮ್ಮವರಲ್ಲಿರುವ ಬೆಲೆ. ಕೇಳಿದ್ದನ್ನೆಲ್ಲ ಹೇಳುತ್ತ ಹೋಗುವುದೇ ಒಬ್ಬನು ಸುಳ್ಳುಗಾರನೆನಿಸಲು ಸಾಕು ಎಂಬ ಪ್ರವಾದಿ ಬೋಧನೆ ಇದೇ ಹೊಣೆಯನ್ನು ಕುರಿತದ್ದು.

ಇದು ಬರೀ ಬೋಧನೆಯ ಮಾತಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಹೈದರಾಬಾದಿನ ಯುವ ಇಂಜಿನಿಯರೊಬ್ಬರು ಗುಂಪಿನ ಕೈಯಲ್ಲಿ ಪ್ರಾಣ ಕಳೆದುಕೊಂಡರು. ಅಂಥ ಘಟನೆಗಳು ದೇಶದ ಹಲವೆಡೆ ನಡೆದ ಆ ತಿಂಗಳಲ್ಲೇ ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ಕಳಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. 2020ರಲ್ಲಿ, ಬಹಳ ಸಲ ಕೈಬದಲಾದ ಸಂದೇಶಗಳಿಗೆ ಆ ಮಿತಿ ಒಂದಕ್ಕೇ ಇಳಿಯಿತು. ಒಂದು ಕಂಪನಿಯು ಯಂತ್ರಕ್ಕೆ ಮಿತಿ ಹಾಕಬೇಕಾಯಿತು ಎಂದರೆ, ಮನುಷ್ಯರಾದ ನಾವು ಬೆರಳಿಗೆ ಮಿತಿ ಹಾಕಿಕೊಳ್ಳಲಿಲ್ಲ ಎಂದೇ ಅರ್ಥ.

ಕಾನೂನುಗಳು ಇಲ್ಲದಿಲ್ಲ. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದು ಜನಪ್ರತಿನಿಧಿ ಕಾಯಿದೆಯ ಪ್ರಕಾರ ಭ್ರಷ್ಟ ಆಚರಣೆ. ಮತದಾರನ ಧರ್ಮವನ್ನು ಹಿಡಿದು ಕೇಳುವುದೂ ಅದರಲ್ಲಿ ಸೇರುತ್ತದೆಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ಬಹುಮತದಿಂದ ತೀರ್ಪಿತ್ತಿತು. ಅಭ್ಯರ್ಥಿಗಳು ತಮ್ಮ ಜಾಲತಾಣ ಖಾತೆಗಳನ್ನು ನಾಮಪತ್ರದ ಪ್ರಮಾಣಪತ್ರದಲ್ಲಿ ತಿಳಿಸಬೇಕು, ಅಲ್ಲಿಯ ಪ್ರಚಾರದ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕು ಎಂದು ಚುನಾವಣಾ ಆಯೋಗ 2013ರಲ್ಲೇ ಹೇಳಿದೆ. 2023ರ ಮೇ ತಿಂಗಳಲ್ಲಿ ಸೋನಿಯಾ ಗಾಂಧಿಯವರನ್ನು ‘ವಿಷಕನ್ಯೆ’ ಎಂದದ್ದಕ್ಕೆ ಯತ್ನಾಳರಿಗೂ, ಪ್ರಧಾನಿಯವರನ್ನು ‘ನಾಲಾಯಕ್’ ಎಂದದ್ದಕ್ಕೆ ಪ್ರಿಯಾಂಕ್ ಖರ್ಗೆಯವರಿಗೂ ಆಯೋಗ ನೋಟಿಸು ಕೊಟ್ಟಿತು. ಆದರೆ ಪಕ್ಷದ ಖಾತೆಯ ಪೋಸ್ಟನ್ನು ತೆಗೆಯುವಂತೆ ಸೂಚಿಸಬಹುದಾದ ಆಯೋಗಕ್ಕೆ, ನಿಮ್ಮ ಮನೆಯ ಗುಂಪಿನೊಳಗೆ ಬಂದು ಕೂರಲು ಆಗುವುದಿಲ್ಲ. ಅಲ್ಲಿ ಚುನಾವಣಾಧಿಕಾರಿ ನೀವೇ.

‘ಸಭ್ಯರಾಗಿ ಸೋಲಬೇಕೇ?’

ಇಷ್ಟನ್ನು ಓದಿದ ಯುವಕನೊಬ್ಬ ಕೇಳಬಹುದು: ‘ಅವರು ಈ ಭಾಷೆಯಿಂದಲೇ ಗೆಲ್ಲುತ್ತಿದ್ದಾರೆ. ನಾವು ಮಾತ್ರ ನಾಲಗೆ ಬಿಗಿಹಿಡಿದು ಸೋಲಬೇಕೇ?’ ಈ ಪ್ರಶ್ನೆಯನ್ನು ಹಗುರವಾಗಿ ತಳ್ಳುವಂತಿಲ್ಲ. ಮರ್ಯಾದೆಯ ಮಾತಿಗೆ ಯಾವಾಗಲೂ ಜಯವಿದೆ ಎಂದು ಹೇಳಿದರೆ ಅದು ಸತ್ಯವಾಗುವುದಿಲ್ಲ. ಕೆಲವು ಸಲ ಸೋಲಾಗುತ್ತದೆ, ಮತ್ತು ಆ ಸೋಲಿಗೆ ಬೆಲೆ ತೆರುವವರು ಬಡವರೇ ಆಗಿರುತ್ತಾರೆ.

ಆದರೂ ಎರಡು ಮಾತುಗಳನ್ನು ಯೋಚಿಸಿ. ನಾವು ಅದೇ ಭಾಷೆಯನ್ನು ಎತ್ತಿಕೊಂಡರೆ, ಎದುರಾಳಿಗೆ ತಾನು ಹೇಳಿದ್ದೇ ನಿಜವೆಂದು ತೋರಿಸಲು ಬೇಕಾದ ಸಾಕ್ಷ್ಯವನ್ನು ನಾವೇ ಬರೆದುಕೊಟ್ಟಂತೆ. ಇಲ್ಲಿಂದ ಹೊರಟ ಒಂದು ಕೊಳಕು ವೀಡಿಯೊ ಅಲ್ಲಿ ಸಾವಿರ ಮನೆಗಳಿಗೆ ‘ನೋಡಿ, ಇವರು ಹೀಗೇ’ ಎಂಬ ಶೀರ್ಷಿಕೆಯೊಂದಿಗೆ ತಲುಪುತ್ತದೆ. ಎರಡನೆಯದು, ಮತ ಎಣಿಕೆ ಒಂದು ದಿನದಲ್ಲಿ ಮುಗಿಯುತ್ತದೆ; ಗೆದ್ದವರು ರಾಜಧಾನಿಗೆ ಹೋಗುತ್ತಾರೆ. ಜೋರಾಪುರ ಪೇಟೆಯ ಜನ ಮರುದಿನವೂ ಅದೇ ಅಂಗಡಿಯಲ್ಲಿ ಜೋಳ ಕೊಳ್ಳಬೇಕು, ಅದೇ ನಳದ ನೀರಿಗೆ ಕಾಯಬೇಕು, ರಾತ್ರಿ ಮಗುವಿಗೆ ಜ್ವರ ಬಂದರೆ ಅದೇ ನೆರೆಯವನ ಗಾಡಿಯ ಬಾಗಿಲು ತಟ್ಟಬೇಕು. ನಾಯಕರ ಮಾತಿನ ಗಾಯ ನಾಯಕರಿಗೆ ಆಗುವುದಿಲ್ಲ. ಅದು ಉಳಿಯುವುದು ಒಂದೇ ಓಣಿಯಲ್ಲಿ ಬದುಕಬೇಕಾದವರ ನಡುವೆ.

ಆದುದರಿಂದ ಪ್ರಿಯ ಓದುಗರೇ, ಮುಂದಿನ ಚುನಾವಣೆಯ ಸಂದೇಶ ನಿಮ್ಮ ಕೈಗೆ ಬಂದಾಗ ಬೆರಳು ಒತ್ತುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇದು ಒಂದು ಕೃತ್ಯವನ್ನು ದೂರುತ್ತಿದೆಯೇ, ಒಂದು ಕುಲವನ್ನೇ ದೂರುತ್ತಿದೆಯೇ? ಊರು, ದಿನ, ದಾಖಲೆ ಇದರಲ್ಲಿವೆಯೇ? ಇದರಲ್ಲಿರುವ ‘ಅವರು’ ಎಂಬ ಜಾಗದಲ್ಲಿ ನಮ್ಮ ಹೆಸರಿದ್ದರೆ ನನಗೆ ಹೇಗನಿಸುತ್ತಿತ್ತು? ಇದರೊಳಗೆ ಯಾರದಾದರೂ ನಿಜವಾದ ಸಂಕಟ ಅಡಗಿದೆಯೇ, ಇದ್ದರೆ ಅದಕ್ಕೆ ನಾನೇನು ಮಾಡಬಲ್ಲೆ? ಕೊನೆಯದಾಗಿ, ಇದನ್ನು ನಾನು ನೆರೆಮನೆಯವರ ಕಟ್ಟೆಯ ಮೇಲೆ ಕುಳಿತು, ಅವರ ಮುಖ ನೋಡುತ್ತ ಗಟ್ಟಿಯಾಗಿ ಓದಬಲ್ಲೆನೇ? ಓದಲಾಗದು ಎಂದಾದರೆ ಅದನ್ನು ಕಳಿಸಲೂ ಬೇಡಿ. ಮನೆಯಲ್ಲಿ ಊಟದ ಹೊತ್ತಿಗೆ ಈ ಪ್ರಶ್ನೆಗಳನ್ನು ಮಕ್ಕಳ ಮುಂದಿಡಿ. ನಮಗಿಂತ ಮೊದಲು ವೀಡಿಯೊ ನೋಡುವವರು ಅವರೇ.

ಓಟು ಗುಟ್ಟಾಗಿ ಹಾಕುವಂಥದು. ಅದನ್ನು ಯಾರಿಗೂ ತೋರಿಸಬೇಕಾಗಿಲ್ಲ. ನಾಲಗೆ ಹಾಗಲ್ಲ. ಅದು ಆಡಿದ್ದನ್ನು ನೆರೆಯವನು ನೆನಪಿಡುತ್ತಾನೆ, ಮಕ್ಕಳು ಕಲಿಯುತ್ತಾರೆ, ಅಲ್ಲಾಹನ ಬಳಿ ಬರೆದಿಡಲಾಗುತ್ತದೆ. ‘ಜನ’ ಎಂದು ಯಾರಾದರೂ ಹೇಳಿದಾಗ ಅದರೊಳಗೆ ಪಕ್ಕದ ಮನೆಯವರೂ ಇದ್ದಾರೆಯೇ ಎಂದು ಕೇಳುವ ಅಭ್ಯಾಸವನ್ನು ನಮ್ಮ ಮನೆಗಳಿಂದಲೇ ಆರಂಭಿಸೋಣ.